ಇಪ್ಪತ್ತಾರು ಹೆಸರುಗಳು

ಆ ದಿನಗಳ ಸ್ಮರಣೆಯಲ್ಲಿ ನನಗೆ ಮೊದಲು ಬರುವುದು ಒಂದು ವಾಸನೆ. ಅಮೆರಿಕದ ಶಾಲೆಗಳಲ್ಲಿ ಆಗ ಮಕ್ಕಳ ಕೈಗೆ ಕೊಡತಕ್ಕ ಕಾಗದಗಳನ್ನು ಡಿಟ್ಟೋ ಎಂಬ ಯಂತ್ರದಿಂದ ತೆಗೆಯುತ್ತಿದ್ದರು. ಅದರ ಉರುಳೆಯಿಂದ ಊದಾಬಣ್ಣದ ಅಕ್ಷರಗಳನ್ನು ಹೊತ್ತು ಹೊರಬಿದ್ದ ಹಾಳೆಗಳು ಕೆಲವು ಹೊತ್ತು ಸ್ಪಿರಿಟ್ಟಿನ ಮಂದವಾದ ಗಂಧವನ್ನು ಉಳಿಸಿಕೊಂಡಿರುತ್ತಿದ್ದುವು, ಮಕ್ಕಳು ಅವನ್ನು ಓದುವುದಕ್ಕೆ ಮೊದಲು ಮೂಗಿಗೆ ಹಿಡಿಯುತ್ತಿದ್ದರು. 1978ನೆಯ ಇಸವಿಯ ಫೆಬ್ರವರಿ ತಿಂಗಳ ಮೊದಲ ಶುಕ್ರವಾರದಂದು ನನ್ನ ಮಗಳು ಅಂತಹದೊಂದು ಹಾಳೆಯನ್ನು ಮೂಗಿಗೆ ಒತ್ತಿಕೊಂಡೇ ಮೆಟ್ಟಿಲು ಹತ್ತಿ ಮನೆಯೊಳಕ್ಕೆ ಬಂದಳು. ನಾವು ಆಗ ಮಸಾಚುಸೆಟ್ಸ್ ಸಂಸ್ಥಾನದ ವೂಸ್ಟರ್ ನಗರದಲ್ಲಿದ್ದೆವು. ಮೈಸೂರನ್ನು ಬಿಟ್ಟು ಆರು ವರ್ಷಗಳಾಗಿದ್ದುವು. ಮಗಳು ಮೂರನೆಯ ತರಗತಿಯಲ್ಲಿದ್ದಳು, ಮಗ ಇನ್ನೂ ಕಿಂಡರ್‌ಗಾರ್ಟನ್ನಿನಲ್ಲಿದ್ದ. ಹಾಳೆಯಲ್ಲಿ ಅವಳ ತರಗತಿಯ ಮಕ್ಕಳ ಹೆಸರುಗಳಿದ್ದುವು, ಅವಳದನ್ನು ಬಿಟ್ಟರೆ ಇಪ್ಪತ್ತಾರು. ಇಪ್ಪತ್ತೈದು ಹೆಸರುಗಳು ಊದಾ ಅಕ್ಷರದವು; ಇಪ್ಪತ್ತಾರನೆಯದು, ಜನವರಿಯಲ್ಲಿ ಬಂದು ಸೇರಿದ್ದ ಒಬ್ಬ ಹುಡುಗಿಯದು, ಪಟ್ಟಿ ಸಿದ್ಧವಾದಮೇಲೆ ನೆನಪಾಗಿರಬೇಕು, ಉಪಾಧ್ಯಾಯಿನಿ ಅದನ್ನು ಪ್ರತಿಯೊಂದು ಹಾಳೆಯ ಅಡಿಯಲ್ಲಿಯೂ ಕಪ್ಪು ಮಸಿಯಿಂದ ಕೈಯಾರೆ ಬರೆದು ಸೇರಿಸಿದ್ದರು. ಮೇಲುಗಡೆ ಎರಡೇ ವಾಕ್ಯ: ವ್ಯಾಲೆಂಟೈನ್ ಕಾರ್ಡುಗಳನ್ನು ತರಲೇಬೇಕೆಂಬ ನಿರ್ಬಂಧ ಯಾರಿಗೂ ಇಲ್ಲ; ಆದರೆ ತರುವವರು ಈ ಪಟ್ಟಿಯಲ್ಲಿರುವ ಎಲ್ಲರಿಗೂ ತರತಕ್ಕದ್ದು, ಒಬ್ಬರನ್ನೂ ಬಿಡಕೂಡದು.

ನಮ್ಮ ನಾಡಿನಲ್ಲಿ ಈಗ ಆ ದಿನದ ಹೆಸರೆತ್ತಿದರೆ ಕೆಂಗುಲಾಬಿಯೂ ತರುಣ ತರುಣಿಯರ ಪ್ರಣಯವೂ ಅದರ ಬೆನ್ನಿಗೆ ಹುಟ್ಟುವ ವಾಗ್ವಾದವೂ ಮನಸ್ಸಿಗೆ ಬರುತ್ತವೆ. ಮೂಲದಲ್ಲಿ ಅದು ಪ್ರಣಯಿಗಳ ದಿನವೇ ಹೌದು. ಸಂತ ವ್ಯಾಲೆಂಟೈನನ ದಿನ ಹಕ್ಕಿಗಳು ಕೂಡಿ ತಮ್ಮ ಜೊತೆಯನ್ನು ಆರಿಸಿಕೊಳ್ಳುತ್ತವೆಂದು ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲೆಂಡಿನ ಚಾಸರ್ ಕವಿ ಒಂದು ಕಾವ್ಯವನ್ನೇ ಬರೆದಿದ್ದಾನೆ. ಆದರೆ ಅಮೆರಿಕದ ಪ್ರಾಥಮಿಕ ಶಾಲೆಯ ಒಳಗೆ ನಾನು ಕಂಡ ವ್ಯಾಲೆಂಟೈನ್ ದಿನವು ಕೇವಲ ಮಕ್ಕಳ ಹಬ್ಬ. ಪ್ರತಿಯೊಂದು ಮಗುವೂ ಮನೆಯಿಂದ ಒಂದು ಬೂಟಿನ ರಟ್ಟಿನ ಪೆಟ್ಟಿಗೆಯನ್ನು ತಂದು, ಮುಚ್ಚಳದಲ್ಲಿ ಉದ್ದವಾದ ಸೀಳನ್ನು ಕೊರೆದು, ಬಣ್ಣದ ಕಾಗದವನ್ನು ಹೊದಿಸಿ, ಅದನ್ನು ತನ್ನ ಹೆಸರಿನ ಅಂಚೆಪೆಟ್ಟಿಗೆಯನ್ನಾಗಿ ಮೇಜಿನಮೇಲೆ ಇಡುತ್ತದೆ; ಫೆಬ್ರವರಿ ಹದಿನಾಲ್ಕರಂದು ಮಕ್ಕಳೆಲ್ಲ ಎದ್ದು, ಅಂಚೆಯವನಂತೆ ಮೇಜಿನಿಂದ ಮೇಜಿಗೆ ಹೋಗಿ, ಒಂದೊಂದು ಪೆಟ್ಟಿಗೆಗೂ ಒಂದೊಂದು ಕಾರ್ಡನ್ನು ಹಾಕುತ್ತಾರೆ. ಹೃದಯದ ಆಕಾರದ ಸಣ್ಣ ಸಕ್ಕರೆ ಬಿಲ್ಲೆಗಳನ್ನೂ ಹಂಚುವುದುಂಟು. ನಮ್ಮ ಊರಿಗೆ ಹತ್ತಿರದ ಕೇಂಬ್ರಿಜ್ಜಿನ ಒಂದು ಕಾರ್ಖಾನೆಯಲ್ಲಿ ಅವು ತಯಾರಾಗುತ್ತಿದ್ದುವು. ಒಂದೊಂದರ ಮೇಲೂ ಎರಡು ಮೂರು ಪದಗಳ ಒಂದು ಪ್ರೀತಿಯ ಮಾತು ಅಚ್ಚಾಗಿರುತ್ತಿತ್ತು. ಅವನ್ನು ಮೊದಲಸಲ ಅಂಗೈಯಲ್ಲಿ ಹಿಡಿದಾಗ ನನಗೆ ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚುಗಳ ನೆನಪಾಗಿ ಗಂಟಲು ಕಟ್ಟಿದ್ದು ಸುಳ್ಳಲ್ಲ.

ಒಬ್ಬರನ್ನೂ ಬಿಡಕೂಡದೆಂಬ ಆ ನಿಯಮ ಏತಕ್ಕೆ ಹುಟ್ಟಿತೆಂಬುದನ್ನು ಮಕ್ಕಳಿಗೆ ನಾನು ವಿವರಿಸಬೇಕಾಗಲಿಲ್ಲ. 1975ರಲ್ಲಿ ಮೊದಲಬಾರಿಗೆ ಪ್ರಸಾರವಾದ ಒಂದು ದೂರದರ್ಶನದ ಚಿತ್ರವನ್ನು ಅವರು ನೋಡಿದ್ದರು. ಚಾರ್ಲ್ಸ್ ಶುಲ್ಟ್ಸ್ ಸೃಷ್ಟಿಸಿದ ಚಾರ್ಲಿ ಬ್ರೌನ್ ಎಂಬ ಬಾಲಕ, ತನಗೆ ಬರುವ ಕಾರ್ಡುಗಳನ್ನು ತುಂಬಿಕೊಂಡು ಹೋಗಲೆಂದು ದೊಡ್ಡದೊಂದು ಕೈಪೆಟ್ಟಿಗೆಯನ್ನು ಶಾಲೆಗೆ ತಂದು, ಒಂದೂ ಬಾರದೆ ಹಿಂದಿರುಗುತ್ತಾನೆ. ಮಾರನೆಯ ದಿನ ಒಬ್ಬ ಹುಡುಗಿ ತಾನು ಪಡೆದು ಮುಗಿಸಿದ ಹಳೆಯ ಕಾರ್ಡನ್ನೇ ಅವನಿಗೆ ನೀಡಿದಾಗ ಅದನ್ನೂ ಸಂತೋಷದಿಂದ ಸ್ವೀಕರಿಸುತ್ತಾನೆ. ಆ ಕೈಪೆಟ್ಟಿಗೆಯನ್ನು ಕಂಡು ನನ್ನ ಮಗ ಅತ್ತಿದ್ದ.

ಶನಿವಾರ ಪೇಟೆಗೆ ಹೋಗಿ ಕಾರ್ಡುಗಳ ಒಂದು ಕಟ್ಟನ್ನು ಕೊಂಡುತರಬಹುದಾಗಿತ್ತು. ಎಲ್ಲ ಮನೆಗಳಲ್ಲಿಯೂ ಹಾಗೆಯೇ ಮಾಡುತ್ತಿದ್ದರು, ನಾವೂ ಹಿಂದಿನ ವರ್ಷ ಹಾಗೆಯೇ ಮಾಡಿದ್ದೆವು. ಏನೋ ಕೆಲಸ ಬಂದು ಸೋಮವಾರಕ್ಕೆ ಮುಂದೂಡಿದೆ. ಫೆಬ್ರವರಿ ಆರನೆಯ ತಾರೀಖಿನ ಆ ಸೋಮವಾರ ಹಿಮ ಬೀಳತೊಡಗಿತು. ಮಧ್ಯಾಹ್ನದ ಹೊತ್ತಿಗೆ ಎದುರು ಮನೆ ಮರೆಯಾಯಿತು. ರಾತ್ರಿಯೆಲ್ಲ ಗಾಳಿ ಕಿಟಕಿಯ ಚೌಕಟ್ಟುಗಳನ್ನು ಹಿಡಿದು ಅಲುಗಿಸಿತು. ಮಂಗಳವಾರವೂ ಸುರಿದು ನಿಂತಾಗ ಬಾಸ್ಟನ್ನಿನಲ್ಲಿ ಇಪ್ಪತ್ತೇಳು ಅಂಗುಲಕ್ಕೂ ಮೇಲ್ಪಟ್ಟು ಹಿಮ ಬಿದ್ದಿತ್ತು, 128ನೆಯ ಹೆದ್ದಾರಿಯಲ್ಲಿ ಸಾವಿರಾರು ಕಾರುಗಳು ಹೂತುಹೋಗಿದ್ದುವು, ಸಮುದ್ರತೀರದಲ್ಲಿ ಮನೆಗಳು ಕೊಚ್ಚಿಹೋಗಿದ್ದುವು. ಆ ಬಿರುಗಾಳಿಗೆ ಸುಮಾರು ನೂರು ಜನ ಬಲಿಯಾದರು. ಗವರ್ನರ್ ಡುಕಾಕಿಸ್ ಉಣ್ಣೆಯ ಅಂಗಿಯನ್ನು ತೊಟ್ಟುಕೊಂಡು ದೂರದರ್ಶನದಲ್ಲಿ ಕಾಣಿಸಿಕೊಂಡು, ಯಾರೂ ವಾಹನಗಳನ್ನು ಹೊರಗೆ ತೆಗೆಯಬಾರದೆಂದು ದಿನವೂ ಜನರಿಗೆ ಹೇಳುತ್ತಿದ್ದರು. ನಮ್ಮ ಬೀದಿಯಲ್ಲಿ ಕಾರುಗಳಿದ್ದ ಸ್ಥಳಗಳಲ್ಲಿ ಬಿಳಿಯ ಗುಡ್ಡಗಳು ಮಾತ್ರ ಕಾಣುತ್ತಿದ್ದುವು. ಶಾಲೆ ಮುಚ್ಚಿತು, ಅಂಗಡಿ ಮುಚ್ಚಿತು, ನಮ್ಮ ಯಜಮಾನರು ಸಲಿಕೆ ಹಿಡಿದು ಬಾಗಿಲಿಗೂ ಬೀದಿಗೂ ನಡುವೆ ಒಂದು ಓಣಿಯನ್ನು ತೋಡಿದರು. ಕಾರ್ಡುಗಳನ್ನು ನಾವು ಕೈಯಿಂದ ಮಾಡಿದ್ದು ಅನಿವಾರ್ಯತೆಯಿಂದ. ಇದನ್ನು ನಾನು ಮರೆಮಾಚಲಾರೆ.

ಮನೆಯಲ್ಲಿದ್ದ ಸಾಮಗ್ರಿಯನ್ನೆಲ್ಲ ಹುಡುಕಿ ತಂದು ಅಡಿಗೆಮನೆಯ ಮೇಜಿನಮೇಲೆ ರಾಶಿಹಾಕಿದೆವು. ಮಕ್ಕಳ ಬಣ್ಣದ ಕಾಗದದ ಕಟ್ಟಿನಲ್ಲಿ ಕೆಂಪು ಹಾಳೆಗಳು ಉಳಿದಿದ್ದುದು ನಾಲ್ಕೇ. ಆಗ ನನಗೆ ಟ್ರಂಕಿನಲ್ಲಿದ್ದ ಲಗ್ನಪತ್ರಿಕೆಗಳ ನೆನಪಾಯಿತು. ಊರಿನಿಂದ ಬಂದ ಒಂದು ಮದುವೆಯ ಕರೆಯೋಲೆಯನ್ನೂ ನಾನು ಎಸೆದವಳಲ್ಲ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ, ಕೆಂಪು ಕಾಗದದ ಮೇಲೆ ಚಿನ್ನದ ಅಕ್ಷರ ಮೂಡಿದ ಆ ಪತ್ರಿಕೆಗಳನ್ನು ಕತ್ತರಿಸಲು ಮೊದಲು ಕೈ ಬಾರಲಿಲ್ಲ. ಮೇಲಿದ್ದ ಗಣಪತಿಯ ಚಿತ್ರಗಳನ್ನು ಬಿಡಿಸಿ ತೆಗೆದು ಬೇರೆ ಇಟ್ಟು, ಉಳಿದುದನ್ನು ಮಕ್ಕಳಿಗೆ ಕೊಟ್ಟೆ. ಅದರೊಡನೆ ಕೆಂಪು ನೀಲಿ ಪಟ್ಟೆಯ ಏರ್‌ಮೇಲ್ ಲಕೋಟೆಗಳ ಅಂಚುಗಳು, ಒಂದು ಹರಿದ ಕುಪ್ಪಸದ ಜರತಾರಿಯ ತುಂಡು. ಅಂಟಿಗೆ ಮೈದಾಹಿಟ್ಟನ್ನು ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಗಂಟುಕಟ್ಟದಂತೆ ತಿರುವಿ ಕಾಯಿಸಿದೆ. ನಮ್ಮ ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುವಾಗ ಹುಳು ಹಿಡಿಯದಿರಲೆಂದು ಇದರಲ್ಲಿಯೇ ಒಂದು ಚಿಟಿಕೆ ಮೈಲುತುತ್ತವನ್ನು ಹಾಕುತ್ತಿದ್ದರು. ಮಕ್ಕಳ ಕೈಗೆ ಹೋಗತಕ್ಕ ಅಂಟಿನಲ್ಲಿ ಆ ವಿಷ ಬೇಡವೆಂದು ಬಿಟ್ಟೆ.

ಕಾಗದವನ್ನು ನಡುವೆ ಮಡಿಸಿ ಅರ್ಧ ಹೃದಯವನ್ನು ಕತ್ತರಿಸಿ ಬಿಡಿಸಿದರೆ ಎರಡು ಮಗ್ಗುಲೂ ಸಮವಾದ ಪೂರ್ಣ ಹೃದಯ ದೊರೆಯುತ್ತದೆ. ಕತ್ತರಿ ಮಡಿಕೆಯ ಕಡೆಯಿಂದ ಹೊರಟು ಮಡಿಕೆಗೇ ಬಂದು ಸೇರಬೇಕೆಂಬುದೊಂದೇ ಅದರ ಗುಟ್ಟು. ಮಗ ಇದನ್ನು ತಿರುಗಾಮುರುಗಾ ಮಾಡಿ, ತೆರೆದ ಅಂಚಿನ ಕಡೆಯಿಂದ ಕತ್ತರಿಸಿ, ಕೈಯಲ್ಲಿ ಎರಡು ಬೇರೆ ಬೇರೆ ತುಂಡುಗಳನ್ನು ಹಿಡಿದುಕೊಂಡು ದಿಗ್ಭ್ರಾಂತನಾಗಿ ನನ್ನ ಮುಖವನ್ನು ನೋಡಿದ. ಅವನ ಪುಟ್ಟ ಬೆರಳುಗಳ ಮೇಲೆ ನನ್ನ ಬೆರಳನ್ನಿಟ್ಟು, ಮಡಿಕೆಯನ್ನು ಮುಟ್ಟಿಸಿ ತೋರಿಸಿ, ಮತ್ತೆ ಮತ್ತೆ ಕತ್ತರಿಸಿದೆವು. ಕೊನೆಗೆ ಬಂದುದನ್ನು ಎತ್ತಿಹಿಡಿದು ಮಗಳು, "ಅಮ್ಮ, ಇದು ವೀಳ್ಯದೆಲೆ," ಎಂದಳು. ನಿಜವಾಗಿಯೂ ಅದು ಎಳೆಯ ವೀಳ್ಯದೆಲೆಯಂತೆಯೇ ಇದ್ದಿತು. ನಮ್ಮ ಹಿರಿಯರು ಹೃದಯವನ್ನು ಕಮಲವಾಗಿ ಭಾವಿಸಿದರು. ಈ ಜನ ಅದನ್ನು ಈ ಎಲೆಯ ಆಕಾರದಲ್ಲಿ ಕಂಡರು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ನಾವು ಕೊಡುವ ಎಲೆಗೂ ಅವರು ಕೊಡುವ ಹೃದಯಕ್ಕೂ ಒಂದೇ ರೂಪವಿರುವುದು ಆಕಸ್ಮಿಕವೇ ಇರಬಹುದು, ಆದರೂ ಆ ದಿನ ನನ್ನ ಮನಸ್ಸಿಗೆ ಅದು ತುಂಬ ಹಿತವಾಯಿತು.

ವೂಸ್ಟರಿನಲ್ಲಿ ಮೂರು ಅಂತಸ್ತಿನ ಮರದ ಮನೆಗಳು ಸಾಲುಸಾಲಾಗಿವೆ, ಅಂತಸ್ತಿಗೊಂದು ಸಂಸಾರ. ನಾವು ನಡುವಣ ಅಂತಸ್ತಿನಲ್ಲಿದ್ದೆವು. ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದ ವೃದ್ಧೆಯನ್ನು ಮಕ್ಕಳು ಅಜ್ಜಿ ಎಂದೇ ಕರೆಯುತ್ತಿದ್ದರು. ಆಕೆಗೂ ಆ ಕನ್ನಡ ಪದ ಅಭ್ಯಾಸವಾಗಿಹೋಗಿತ್ತು. ಬಿರುಗಾಳಿಯ ದಿನಗಳಲ್ಲಿ ಆಕೆಯನ್ನು ಒಂಟಿಯಾಗಿ ಬಿಡಲಾರದೆ ಹಗಲೆಲ್ಲ ನಮ್ಮಲ್ಲಿಯೇ ಇರಿಸಿಕೊಂಡಿದ್ದೆವು. ನಮ್ಮ ಮೇಜನ್ನು ಕಂಡ ಆಕೆ ಸ್ವಲ್ಪ ಹೊತ್ತು ಮಾತಾಡದೆ ನಿಂತು, ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಕುಳಿತರು. ಹುಡುಗಿಯಾಗಿದ್ದಾಗ ಆಕೆ ಅದೇ ಊರಿನ ವಿಟ್ನಿ ಕಂಪನಿಯಲ್ಲಿ ವ್ಯಾಲೆಂಟೈನ್ ಕಾರ್ಡುಗಳನ್ನು ಜೋಡಿಸುವ ಕೆಲಸದಲ್ಲಿದ್ದರೆಂಬುದು ನಮಗೆ ಆ ದಿನ ತಿಳಿಯಿತು. ಅಮೆರಿಕದಲ್ಲಿ ಆ ಕಾರ್ಡುಗಳ ಉದ್ಯಮ ಬೇರುಬಿಟ್ಟದ್ದೇ ನಾವು ಬಂದು ನೆಲೆಸಿದ್ದ ಈ ಊರಿನಲ್ಲಿ ಎಂಬುದೂ ಆಕೆಯ ಬಾಯಿಂದಲೇ ತಿಳಿಯಿತು.

ಆಕೆ ಹೇಳಿದ, ಮುಂದೆ ನಾನೂ ಪುಸ್ತಕಗಳಲ್ಲಿ ಓದಿ ದೃಢಪಡಿಸಿಕೊಂಡ ವೃತ್ತಾಂತ ಹೀಗೆ. ಎಸ್ತರ್ ಹೌಲಂಡ್ ಎಂಬ ತರುಣಿ 1847ರಲ್ಲಿ ಮೌಂಟ್ ಹೋಲಿಯೋಕ್ ವಿದ್ಯಾಲಯದಲ್ಲಿ ಓದು ಮುಗಿಸಿ ವೂಸ್ಟರಿಗೆ ಹಿಂದಿರುಗಿದಳು. ಆ ವಿದ್ಯಾಲಯದಲ್ಲಿ ಮೇರಿ ಲಯನ್ ಎಂಬ ಕಟ್ಟುನಿಟ್ಟಿನ ಸಂಸ್ಥಾಪಕಿ ವಿದ್ಯಾರ್ಥಿನಿಯರು ವ್ಯಾಲೆಂಟೈನ್ ಓಲೆಗಳನ್ನು ಕಳುಹಿಸುವುದನ್ನೇ ನಿಷೇಧಿಸಿದ್ದರಂತೆ. ಮರುವರ್ಷ ಅಲ್ಲಿ ಓದುತ್ತಿದ್ದ ಕವಯಿತ್ರಿ ಎಮಿಲಿ ಡಿಕಿನ್ಸನ್ ತನ್ನ ಕಾಗದವೊಂದರಲ್ಲಿ ಇದನ್ನು ತಿಳಿಸಿದ್ದಾಳೆ. ಎಸ್ತರಳ ತಂದೆಯದು ಪುಸ್ತಕ, ಕಾಗದಗಳ ಅಂಗಡಿ. ಇಂಗ್ಲೆಂಡಿನಿಂದ ಬಂದ ಜಾಲರಿ ಅಂಚಿನ ಒಂದು ವ್ಯಾಲೆಂಟೈನ್ ಅವಳ ಕೈಸೇರಲು, ಇದಕ್ಕಿಂತ ಚೆನ್ನಾಗಿ ತಾನೇ ಮಾಡಬಲ್ಲೆನೆಂದು ಬಗೆದು, ಕೆಲವು ಮಾದರಿಗಳನ್ನು ತಯಾರಿಸಿ, ಅಂಗಡಿಯ ಪರವಾಗಿ ಊರೂರು ತಿರುಗುತ್ತಿದ್ದ ಸೋದರನ ಕೈಯಲ್ಲಿಟ್ಟಳು. ಇನ್ನೂರು ಡಾಲರುಗಳ ಬೇಡಿಕೆ ಬಂದರೆ ಸಾಕೆಂದಿದ್ದವಳಿಗೆ ಅವನು ತಂದುಕೊಟ್ಟದ್ದು ಐದು ಸಾವಿರ ಡಾಲರುಗಳ ಬೇಡಿಕೆ. ಗೆಳತಿಯರನ್ನು ಮನೆಯಲ್ಲಿಯೇ ಕೂಡಿಸಿಕೊಂಡು, ಒಬ್ಬಳು ಚಿತ್ರ ಕತ್ತರಿಸಲು, ಇನ್ನೊಬ್ಬಳು ಹಿನ್ನೆಲೆ ಹಾಸಲು, ಮತ್ತೊಬ್ಬಳು ಜಾಲರಿ ಅಂಟಿಸಲು ಎಂದು ಕೆಲಸವನ್ನು ಹಂಚಿ, ಆ ಉದ್ಯಮವನ್ನು ಮೂವತ್ತು ವರ್ಷಗಳಿಗೂ ಮೀರಿ ನಡೆಸಿದಳು. ಖಾಯಿಲೆಬಿದ್ದ ತಂದೆಯ ಶುಶ್ರೂಷೆಗೆಂದು 1881ರ ಸುಮಾರಿಗೆ ಅದನ್ನು ಜಾರ್ಜ್ ವಿಟ್ನಿಗೆ ಮಾರಿದಳು. ಅವಿವಾಹಿತೆಯಾಗಿಯೇ ಉಳಿದು 1904ರಲ್ಲಿ ತೀರಿಕೊಂಡಳು. ವಿಟ್ನಿ ಕಂಪನಿ 1942ರಲ್ಲಿ, ಯುದ್ಧಕಾಲದ ಕಾಗದದ ಅಭಾವದಿಂದ, ಮುಚ್ಚಿತು. ಇಷ್ಟನ್ನು ಹೇಳಿ ಅಜ್ಜಿ ತಮ್ಮ ನಡುಗುವ ಬೆರಳುಗಳಿಂದ ನಮಗೆ ಒಂದು ಕೌಶಲವನ್ನು ಕಲಿಸಿದರು: ಕಾಗದದ ಸಣ್ಣ ಪಟ್ಟಿಯನ್ನು ಬೀಸಣಿಗೆಯಂತೆ ಮಡಿಕೆಮಡಿಕೆಯಾಗಿ ಮಡಿಸಿ ಜಾಲರಿಗೂ ಚಿತ್ರಕ್ಕೂ ನಡುವೆ ಅಂಟಿಸಿದರೆ, ಮೇಲಿನ ಪದರ ತಾನಾಗಿ ಎದ್ದು ನಿಲ್ಲುತ್ತದೆ. ಜಾಲರಿ ಕತ್ತರಿಸುವುದು ನನಗೆ ಬರುತ್ತಿತ್ತು; ಗೌರಿಹಬ್ಬದ ಮಂಟಪಕ್ಕೆ ತೆಳುಗಾಗದವನ್ನು ಎಂಟಾಗಿ ಮಡಿಸಿ ಕಚಕಚನೆ ಕತ್ತರಿಸಿ ಬೆಳೆದ ಕೈ ಇದು. ಮೈಸೂರಿನ ಜಾಲರಿಯ ಅಡಿಯಲ್ಲಿ ವೂಸ್ಟರಿನ ಮಡಿಕೆಯನ್ನಿಟ್ಟು ಅಂಟಿಸಿದೆವು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ಲನೆ ಮೇಜಿನಮೇಲಿಟ್ಟರು, ಏನೂ ಹೇಳಲಿಲ್ಲ.

ಕೊಂಡುತಂದ ಕಾರ್ಡಿಗೆ ಹೆಸರು ಬರೆದರೆ ಮುಗಿಯಿತು. ಮಾಡಿದ ಕಾರ್ಡು ಅಷ್ಟಕ್ಕೆ ಬಿಡುವುದಿಲ್ಲ. ಈ ಹುಡುಗನಿಗೆ ಏನನ್ನು ಬರೆಯಲಿ, ಆ ಹುಡುಗಿಗೆ ಯಾವ ಚಿತ್ರ ಒಪ್ಪೀತು ಎಂಬ ಪ್ರಶ್ನೆ ಪ್ರತಿಯೊಂದು ಹೃದಯವನ್ನು ಕತ್ತರಿಸುವಾಗಲೂ ಏಳುತ್ತದೆ. ಪಟ್ಟಿಯಲ್ಲಿ ಐರಿಷರು, ಸ್ವೀಡಿಷರು, ಪೋಲಿಷರು, ಇಟಾಲಿಯನರು, ಆರ್ಮೇನಿಯನರು, ಆ ಊರಿನ ಕಾರ್ಖಾನೆಗಳಿಗೆ ಕೆಲಸ ಹುಡುಕಿಕೊಂಡು ಬಂದವರ ಮೊಮ್ಮಕ್ಕಳು, ಮರಿಮಕ್ಕಳು. ನಾನು ಹೆಸರನ್ನು ಓದಿದಂತೆ ಮಗಳು ಹೇಳುತ್ತ ಹೋದಳು: ಇವನು ಬಿಡುವಿನ ವೇಳೆಯಲ್ಲೆಲ್ಲ ಕುದುರೆಗಳನ್ನೇ ಬರೆಯುತ್ತಾನೆ, ಇವಳಿಗೆ ಬೀಳದೆ ಉಳಿದಿರುವ ಹಾಲುಹಲ್ಲು ಒಂದೇ ಒಂದು, ಇವನ ಅಪ್ಪ ಹಿಮ ತೆಗೆಯುವ ಲಾರಿ ನಡೆಸುತ್ತಾನೆ, ಈಗ ಮನೆಗೆ ಬಂದೇ ಇರುವುದಿಲ್ಲ. ಕುದುರೆ, ಹಲ್ಲು, ಲಾರಿ ಒಂದೊಂದಾಗಿ ಕಾಗದಕ್ಕೆ ಇಳಿದುವು. ಎಂಟು ವರ್ಷದ ಮಗು ತನ್ನ ಸುತ್ತಲಿನವರನ್ನು ಇಷ್ಟು ನೋಡಿರುತ್ತದೆಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಹತ್ತೊಂಬತ್ತನೆಯ ಹೆಸರಿಗೆ ಬಂದಾಗ ಅವಳು ಕತ್ತರಿಯನ್ನು ಕೆಳಗಿಟ್ಟು, ಅವನು ತನ್ನ ಊಟದ ಡಬ್ಬಿಯನ್ನು ಕಂಡು ಮೂಗು ಮುಚ್ಚಿಕೊಂಡನೆಂದೂ ಅವನಿಗೆ ಮಾಡುವುದಿಲ್ಲವೆಂದೂ ಹೇಳಿದಳು. ಆಗ ನಾನು ಅವಳಿಗೆ ನಮ್ಮ ಎಳ್ಳು ಬೀರುವುದನ್ನು ಕುರಿತು ಹೇಳಿದೆ.

ನಾನು ಬೆಳೆದ ಮೈಸೂರಿನ ಅಗ್ರಹಾರದ ಬೀದಿಯಲ್ಲಿ ಸಂಕ್ರಾಂತಿಗೆ ಹದಿನೈದು ದಿನ ಮುಂಚಿನಿಂದಲೇ ಕೊಬ್ಬರಿಯನ್ನೂ ಅಚ್ಚುಬೆಲ್ಲವನ್ನೂ ಸಣ್ಣಸಣ್ಣಗೆ ಹೆಚ್ಚಿ ಬಿಸಿಲಿಗೆ ಹರಡುವ ಕೆಲಸ ನಡೆಯುತ್ತಿತ್ತು. ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಬಿಳಿಯ ಎಳ್ಳು ಅದರೊಡನೆ ಸೇರಿ ದೊಡ್ಡ ಡಬ್ಬಿ ತುಂಬುತ್ತಿತ್ತು. ಹಬ್ಬದ ಸಂಜೆ ಹೊಸ ಲಂಗವನ್ನುಟ್ಟು, ತಟ್ಟೆಯಲ್ಲಿ ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣುಗಳನ್ನಿಟ್ಟುಕೊಂಡು ಹುಡುಗಿಯರು ಮನೆಮನೆಗೂ ಹೊರಡುತ್ತಿದ್ದೆವು. ನಮ್ಮ ಎಡಬದಿಯ ಮನೆಯವರಿಗೂ ನಮ್ಮ ತಂದೆಗೂ ನಡುಗೋಡೆಯ ವಿಷಯದಲ್ಲಿ ಮೊಕದ್ದಮೆ ನಡೆಯುತ್ತಿತ್ತು; ಗಂಡಸರು ಎದುರುಬದುರಾದರೆ ಮುಖ ತಿರುಗಿಸುತ್ತಿದ್ದರು. ನಮ್ಮ ತಾಯಿ ಮಾತ್ರ ಮೊದಲ ತಟ್ಟೆಯನ್ನು ಆ ಮನೆಗೇ ಕಳುಹಿಸುತ್ತಿದ್ದರು. "ಆ ಮನೆಗೆ ಹೋಗಲ್ಲಮ್ಮ," ಎಂದು ಒಂದು ವರ್ಷ ನಾನು ಹಟಮಾಡಿದಾಗ, "ಬೀರೋದು ಅಂದ್ಮೇಲೆ ಬೀದಿಗೆಲ್ಲ ಬೀರ್ಬೇಕು. ಆರಿಸಿ ಕೊಟ್ರೆ ಅದು ಎಳ್ಳು ಬೀರಿದ ಹಾಗಾಗಲ್ಲ," ಎಂದಷ್ಟೇ ಹೇಳಿ ತಟ್ಟೆಯನ್ನು ಕೈಗೆ ಕೊಟ್ಟರು. ಆ ಮನೆಯಾಕೆ ಮುಗುಳ್ನಗಲಿಲ್ಲ, ಒಳಕ್ಕೆ ಬಾ ಎನ್ನಲಿಲ್ಲ. ತಟ್ಟೆಯನ್ನು ಬರಿದಾಗಿ ಹಿಂದಕ್ಕೆ ಕೊಡುವ ಪದ್ಧತಿಯಿಲ್ಲವಾದ್ದರಿಂದ ತಮ್ಮ ಮನೆಯ ಎಳ್ಳನ್ನು ತುಂಬಿ, ಅದರ ಮೇಲೆ ಗಿಣಿಯ ಆಕಾರದ ಒಂದು ಸಕ್ಕರೆ ಅಚ್ಚನ್ನಿಟ್ಟು ಕಳುಹಿಸಿದರು. ಮೊಕದ್ದಮೆ ಇತ್ಯರ್ಥವಾಗಲು ಮುಂದೆ ಹನ್ನೊಂದು ವರ್ಷ ಹಿಡಿಯಿತು. ಎಳ್ಳಿನ ತಟ್ಟೆ ಒಂದು ವರ್ಷವೂ ತಪ್ಪಲಿಲ್ಲ.

ಕೊಡುವುದಕ್ಕೆ ಮೊದಲೇ ಮನಸ್ಸಿನಲ್ಲಿ ಪ್ರೀತಿ ಸಿದ್ಧವಾಗಿರಬೇಕೆಂದು ಹಟ ಹಿಡಿಯುವವರನ್ನು ನಾನು ಕಂಡಿದ್ದೇನೆ. ಪಟ್ಟಿ ನೋಡಿ ಕೊಡುವ ಕಾರ್ಡಿನಲ್ಲಿ ಏನು ಅರ್ಥವೆಂದು ಅವರು ಕೇಳುತ್ತಾರೆ. ನಾನು ಆ ಪಟ್ಟಿಯ ಪಕ್ಷಪಾತಿ. ನಮಗೆ ಒಲಿದವರನ್ನು ಮಾತ್ರ ನೆನೆಯುವುದಕ್ಕೆ ಯಾವ ಹಬ್ಬವೂ ಬೇಕಾಗಿಲ್ಲ. ನೆನೆಯದವರನ್ನೂ ಒಂದು ಗಳಿಗೆ ಕೂತು ನೆನೆಯುವಂತೆ ಮಾಡಿದ್ದು ಊದಾ ಮಸಿಯ ಆ ಹಾಳೆ. ಮಗಳು ನನ್ನ ಕಥೆಗೆ ಏನೂ ಹೇಳಲಿಲ್ಲ. ಹತ್ತೊಂಬತ್ತನೆಯ ಕಾರ್ಡು ಚಿಕ್ಕದಾಯಿತು, ಚಿತ್ರವಿಲ್ಲದ್ದಾಯಿತು, ಆದರೆ ಆಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಆ ಹುಡುಗನದಲ್ಲ, ಕಟ್ಟಕಡೆಯದು. ಬುಧವಾರ ಕಳೆಯಿತು, ಗುರುವಾರ ಕಳೆಯಿತು. ಕೈಬರಹದ ಆ ಹೆಸರು ಹಾಗೆಯೇ ಉಳಿಯಿತು. "ಅವಳ ವಿಷಯ ನಂಗೇನೂ ಗೊತ್ತಿಲ್ಲಮ್ಮ," ಎಂದಳು ಮಗಳು. "ಅವಳು ಮಾತೇ ಆಡಲ್ಲ. ಹಿಂದಿನ ಸಾಲಿನಲ್ಲಿ ಕೂತ್ಕೋತಾಳೆ." ಒಂದು ಹೂವನ್ನೋ ಹಕ್ಕಿಯನ್ನೋ ಬರೆದುಬಿಡೆಂದು ನಾನು ಸೂಚಿಸಿದೆ, ಬೇಗ ಮುಗಿಯಲೆಂಬ ಆತುರ ನನಗೆ. ಅವಳು ಒಪ್ಪಲಿಲ್ಲ. ಎಲ್ಲರಿಗೂ ಅವರವರದೇ ಆದದ್ದನ್ನು ಮಾಡಿ, ಅವಳೊಬ್ಬಳಿಗೆ ಯಾರಿಗಾದರೂ ಆಗುವಂಥದ್ದನ್ನು ಮಾಡಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತಿಂಗಳೊಪ್ಪತ್ತು ಒಂದೇ ಕೋಣೆಯಲ್ಲಿ ಕುಳಿತೂ ಒಂದು ಮಗುವಿನ ವಿಷಯದಲ್ಲಿ ಏನೂ ತಿಳಿಯದೆ ಹೋದದ್ದಕ್ಕೆ ಅವಳು ನಿಜವಾಗಿ ದುಃಖಿಸುತ್ತಿದ್ದಳು.

ಶುಕ್ರವಾರ ರಾತ್ರಿ ಮಲಗಿ ದೀಪ ಆರಿಸಿದಮೇಲೆ ಅವಳು ಎದ್ದು ಅಡಿಗೆಮನೆಗೆ ಬಂದಳು. "ಕಿತ್ತಳೆಹಣ್ಣು!" ಎಂದಳು. ಊಟದ ಕೋಣೆಯಲ್ಲಿ ಆ ಹುಡುಗಿ ದಿನವೂ ಒಂದು ಕಿತ್ತಳೆಹಣ್ಣನ್ನು ತರುತ್ತಾಳೆ. ಅದನ್ನು ತುದಿಯಿಂದ ತೊಡಗಿ, ಎಲ್ಲಿಯೂ ಹರಿಯದಂತೆ, ಒಂದೇ ಸುರುಳಿಯಾಗಿ ಸುಲಿಯುತ್ತಾಳೆ. ಸುಲಿದ ಸಿಪ್ಪೆಯನ್ನು ಮತ್ತೆ ಹಣ್ಣಿನ ಆಕಾರಕ್ಕೆ ಸುತ್ತಿ ಮೇಜಿನಮೇಲೆ ಇಡುತ್ತಾಳೆ. ಮಗಳು ಅದನ್ನು ನೋಡಿದ್ದಳು, ನೋಡಿದ್ದೇನೆಂಬುದು ಅವಳಿಗೆ ಗೊತ್ತಿರಲಿಲ್ಲ. ಆ ರಾತ್ರಿಯೇ ದೀಪ ಹಚ್ಚಿ ಕುಳಿತು, ಅರಿಶಿನ ಹಚ್ಚಿದ ಲಗ್ನಪತ್ರಿಕೆಯ ಮೂಲೆಯನ್ನು ವೃತ್ತವಾಗಿ ಕತ್ತರಿಸಿ, ಅದನ್ನು ಹೊರಗಿನಿಂದ ಒಳಕ್ಕೆ ಸುರುಳಿಸುರುಳಿಯಾಗಿ ಕೊಯ್ದು, ಅಜ್ಜಿ ಕಲಿಸಿದ ಮಡಿಕೆಯ ಮೇಲೆ ಅಂಟಿಸಿದಳು. ಕಾರ್ಡನ್ನು ತೆರೆದರೆ ಸಿಪ್ಪೆ ಎದ್ದು ಬಿಚ್ಚಿಕೊಳ್ಳುತ್ತಿತ್ತು.

ಶಾಲೆ ಮತ್ತೆ ತೆರೆದಾಗ ಬೀದಿಯ ಎರಡು ಬದಿಗೂ ಮಕ್ಕಳ ತಲೆಗಿಂತ ಎತ್ತರವಾದ ಹಿಮದ ಗೋಡೆಗಳಿದ್ದುವು. ಆ ಸಂಜೆ ಮಗಳು ತನ್ನ ರಟ್ಟಿನ ಪೆಟ್ಟಿಗೆಯನ್ನು ಮೇಜಿನಮೇಲೆ ಬರಿದುಮಾಡಿದಳು. ಬಹುಪಾಲು ಅಂಗಡಿಯ ಕಾರ್ಡುಗಳು. ಬಿರುಗಾಳಿಗೆ ಮೊದಲೇ ಕೊಂಡಿಟ್ಟುಕೊಂಡಿದ್ದ ಜಾಣರು ಅವರು. ಅವಳ ಹೆಸರಿನ ಅಕ್ಷರಗಳು ಅವುಗಳ ಮೇಲೆ ನಾನಾ ರೂಪಗಳನ್ನು ತಾಳಿದ್ದುವು. ಒಂದರ ತಪ್ಪು ಇನ್ನೊಂದರದಲ್ಲ. ಊಟದ ಡಬ್ಬಿಗೆ ಮೂಗು ಮುಚ್ಚಿದ ಹುಡುಗನ ಕಾರ್ಡೂ ಅದರಲ್ಲಿತ್ತು, ಎಲ್ಲರಿಗೂ ಕೊಟ್ಟಂಥದೇ. ಇಪ್ಪತ್ತಾರನೆಯ ಹೆಸರಿನ ಹುಡುಗಿಯದು ಇರಲಿಲ್ಲ. ಅವಳು ಯಾರಿಗೂ ತಂದಿರಲಿಲ್ಲವಂತೆ. ನಿರ್ಬಂಧವಿಲ್ಲವೆಂದು ಪಟ್ಟಿಯಲ್ಲಿಯೇ ಹೇಳಿತ್ತಷ್ಟೆ. ಕಾರ್ಡನ್ನು ಕಂಡು ಏನೆಂದಳೆಂದು ನಾನು ಕೇಳಿದೆ. ಏನೂ ಅನ್ನಲಿಲ್ಲ, ನಾಲ್ಕು ಸಲ ತೆರೆದು ಮುಚ್ಚಿದಳು ಎಂದಳು ಮಗಳು.

ಮಾರನೆಯ ದಿನ ಮಧ್ಯಾಹ್ನ ಊಟವಾದಮೇಲೆ ಮಗಳ ಮೇಜಿನಮೇಲೆ ಒಂದು ಕಿತ್ತಳೆಯ ಸಿಪ್ಪೆ ಇತ್ತು, ಹಣ್ಣಿನ ಆಕಾರಕ್ಕೆ ಸುತ್ತಿದ್ದು. ಬಿಚ್ಚಿದರೆ, ಒಳಗಿನ ಬಿಳಿಯ ಮೈಯುದ್ದಕ್ಕೂ ನೀಲಿ ಬಾಲ್‌ಪೆನ್ನಿನಿಂದ ಅವಳ ಹೆಸರನ್ನು ಬರೆದಿತ್ತು, ಒಂದು ಅಕ್ಷರವೂ ತಪ್ಪಿಲ್ಲದೆ.

ಆ ಹುಡುಗಿಯ ಮನೆಯವರು ಬೇಸಿಗೆಗೆ ಮೊದಲೇ ಊರು ಬಿಟ್ಟರು. ಎಲ್ಲಿಗೆಂದು ನಮಗೆ ತಿಳಿಯಲಿಲ್ಲ. ಸಿಪ್ಪೆ ಕೆಲವು ವಾರಗಳಲ್ಲಿ ಒಣಗಿ, ಮುರುಟಿ, ಮಗಳ ಪುಸ್ತಕದ ಚೀಲದಲ್ಲಿಯೇ ಪುಡಿಯಾಯಿತು. ಪಟ್ಟಿಯನ್ನು ನಾನು ಅಡಿಗೆಮನೆಯ ಗೋಡೆಗೆ, ಕಿಟಕಿಯ ಎದುರಿಗೆ ಅಂಟಿಸಿದ್ದೆ. ಏಳೆಂಟು ವರ್ಷಗಳ ತರುವಾಯ ಆ ಮನೆಯನ್ನು ಬಿಡುವಾಗ ಬಿಡಿಸಿ ತೆಗೆದು, ಗಣಪತಿಯ ಚಿತ್ರಗಳನ್ನು ಇಟ್ಟಿದ್ದ ಕವರಿನಲ್ಲಿಯೇ ಇಟ್ಟೆ. ಮೈಸೂರಿಗೆ ಹಿಂದಿರುಗಿದಮೇಲೆ ಕಳೆದ ಸಂಕ್ರಾಂತಿಯಲ್ಲಿ ಟ್ರಂಕನ್ನು ತೆಗೆದಾಗ ಅದು ಕೈಗೆ ಸಿಕ್ಕಿತು. ಡಿಟ್ಟೋ ಯಂತ್ರದ ಮಸಿ ಬೆಳಕಿಗೆ ನಿಲ್ಲತಕ್ಕದ್ದಲ್ಲ. ಇಪ್ಪತ್ತೈದು ಹೆಸರುಗಳೂ ಮಾಸಿ, ಊದಾ ನೆರಳಿನಂತೆ ಅಲ್ಲಲ್ಲಿ ಒಂದು ಗೆರೆ ಮಾತ್ರ ಕಾಣುತ್ತದೆ. ಕನ್ನಡಕ ಹಾಕಿಕೊಂಡರೂ ನನಗೆ ಓದಲಾಗಲಿಲ್ಲ. ಅಡಿಯಲ್ಲಿ, ಕಪ್ಪು ಮಸಿಯಲ್ಲಿ ಕೈಯಿಂದ ಬರೆದು ಸೇರಿಸಿದ ಆ ಒಂದು ಹೆಸರು, ನಿನ್ನೆ ಬರೆದಂತೆ ಇದೆ.